ಹಳದಿ ಗೆರೆಯಾಚೆ ನಿಂತ ಅಣ್ಣ

ಮೊದಲ ಸಲ ಹುಕ್ ಜಾರಿದ್ದು ಮಧ್ಯಾಹ್ನದ ಟೀ ಮುಗಿದ ಮೇಲೆ. ನಾನು ಕ್ರೇನಿನ ಕ್ಯಾಬಿನ್ನಿನಲ್ಲಿ ಕೂತು, ತುಂಬಿದ ಲ್ಯಾಡಲನ್ನು ಅಚ್ಚುಗಳ ಸಾಲಿನ ಮೇಲೆ ತಂದು, ಲಿವರನ್ನು ನಡುವಿಗೆ ಬಿಟ್ಟಿದ್ದೆ. ನಡುವಿಗೆ ಬಿಟ್ಟರೆ ಬ್ರೇಕು ತಾನೇ ಕಚ್ಚಿಕೊಳ್ಳಬೇಕು, ಭಾರ ಅಲ್ಲೇ ನಿಲ್ಲಬೇಕು. ನಿಲ್ಲಲಿಲ್ಲ. ಸದ್ದಿಲ್ಲದೆ ನಾಲ್ಕು ಬೆರಳಿನಷ್ಟು ಇಳಿದು, ಆಮೇಲೆ ನಿಂತಿತು.

ಲ್ಯಾಡಲ್ ಅಂದರೆ ಕರಗಿದ ಕಬ್ಬಿಣ ಹೊರುವ ಭಾರಿ ಬಕೆಟ್ಟು. ಪಕ್ಕಕ್ಕೊಂದು ಚಕ್ರ ಇರುತ್ತದೆ. ಆ ಚಕ್ರ ಹಿಡಿದು ಒಬ್ಬರು ಕೆಳಗೆ ನಡೆಯುತ್ತ, ಒಂದೊಂದು ಅಚ್ಚಿನ ಬಾಯಿ ಬಂದಾಗಲೂ ತಿರುಗಿಸಿ ಲೋಹ ಹುಯ್ಯುತ್ತಾರೆ. ಹುಯ್ಯುವ ಹೊತ್ತಿನಲ್ಲಿ ಲ್ಯಾಡಲ್ ಜಾರಿ ಅದರ ಅಂಚು ಅಚ್ಚಿನ ಪೆಟ್ಟಿಗೆಗೆ ತಾಗಿದರೆ ಅದು ವಾಲುತ್ತದೆ, ಒಳಗಿರುವುದೆಲ್ಲ ಚಕ್ರ ಹಿಡಿದವರ ಕಾಲ ಮೇಲೆ ಬೀಳುತ್ತದೆ. ಮುಂದಿನದನ್ನು ಬರೆಯಬೇಕಾಗಿಲ್ಲ. ಆ ಚಕ್ರ ಹಿಡಿಯುತ್ತಿದ್ದವರು ಭದ್ರಾವತಿಯ ಒಬ್ಬ ಹಿರಿಯರು. ಹುಕ್ ಜಾರಿದಾಗ ಅವರು ತಲೆಯೆತ್ತಿ ನನ್ನ ಕಡೆ ಒಂದು ಸಲ ನೋಡಿ, ಮತ್ತೆ ಕೆಲಸಕ್ಕೆ ಬಗ್ಗಿದರು.

ಇದು ನಡೆದದ್ದು ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ. ಅಲ್ಲಿ ಕ್ರೇನ್ ಓಡಿಸುವ ಹೆಂಗಸು ನಾನೊಬ್ಬಳೇ. ನನ್ನನ್ನು ಆ ಏಣಿ ಹತ್ತಿಸಿದವರು ನಮ್ಮ ಶಾಪಿನ, ಅಂದರೆ ಎರಕದ ವಿಭಾಗದ, ಇನ್‌ಚಾರ್ಜ್. ಹೆಣ್ಣುಮಕ್ಕಳ ಕೈ ಹಗುರ, ಕ್ರೇನಿಗೆ ಬೇಕಾದ್ದೂ ಹಗುರ ಕೈಯೇ ಎಂದು ಮಾಲೀಕರ ಮುಂದೆ ವಾದ ಮಾಡಿ ನನಗೆ ಕೆಲಸ ಕೊಡಿಸಿದ್ದರು. ಅದು ಸುಳ್ಳಲ್ಲ, ಆ ಉಪಕಾರ ನಿಜವಾದದ್ದೇ.

ನನಗೆ ಒಡಹುಟ್ಟಿದ ಅಣ್ಣತಮ್ಮಂದಿರಿಲ್ಲ. ಇನ್‌ಚಾರ್ಜಿಗೆ ಅಕ್ಕತಂಗಿಯರಿಲ್ಲವಂತೆ. ನಾನು ಕೆಲಸಕ್ಕೆ ಸೇರಿದ ವರ್ಷ ನಾಗರ ಪಂಚಮಿಗೆ, ಗಾಂಧಿ ಬಜಾರಿನ ಹಿಂದಿನ ಗಲ್ಲಿಯಲ್ಲಿರುವ ನಮ್ಮ ಮನೆಗೆ ಅವರಾಗಿಯೇ ಬಂದು, ಮಣೆಯ ಮೇಲೆ ಕೂತು ಬೆನ್ನು ಕೊಟ್ಟರು. ನಾನು ಹೂವನ್ನು ಹಾಲಿನಲ್ಲಿ ಅದ್ದಿ ಬೆನ್ನಿಗೆ ಹಚ್ಚಿ, ಬೆನ್ನು ತಣ್ಣಗಿರಲಿ, ಹೊಟ್ಟೆ ತಣ್ಣಗಿರಲಿ ಎಂದು ಹರಸಿದೆ. ತಂಬಿಟ್ಟು ತಿಂದು, ಸೀರೆ ಕೊಟ್ಟು, ಅತ್ತೆಯ ಕಾಲಿಗೆ ನಮಸ್ಕಾರ ಮಾಡಿ ಹೋದರು. ಅತ್ತೆಗೆ ಕಣ್ಣು ತುಂಬಿ ಬಂತು. ಅಂದಿನಿಂದ ಅವರು ನನಗೆ ಸಾರ್ ಅಲ್ಲ, ಅಣ್ಣ. ಬೆನ್ನಿಗೆ ಹಾಲು ಹಚ್ಚಿಸಿಕೊಂಡವನ ಮಾತನ್ನು ಮೀರುವುದು ನಮ್ಮ ಹೆಣ್ಣುಮಕ್ಕಳಿಗೆ ಸುಲಭವಲ್ಲ. ಮೀರಿದರೆ ಜಗಳವಾಗುವುದು ಮೇಲಿನವರ ಜೊತೆಯಲ್ಲ, ತವರಿನ ಜೊತೆ.

ಹುಕ್ ಜಾರಿದ ವಿಷಯ ಹೇಳಿದಾಗ ಅವರು ರೇಗಲಿಲ್ಲ. ರೇಗಿದ್ದರೆ ನಾನು ಬಚಾವಾಗುತ್ತಿದ್ದೆ, ಏಕೆಂದರೆ ರೇಗುವವರಿಗೆ ತಿರುಗಿ ಹೇಳುವುದು ನನಗೆ ಬರುತ್ತದೆ. ಅವರು ಕುರ್ಚಿ ಎಳೆದು ಕೂರಿಸಿದರು, ಊಟ ಆಯ್ತಾ ಕೇಳಿದರು, ರಾತ್ರಿ ನಿದ್ದೆ ಸರಿಯಾಗಿ ಆಗುತ್ತದಾ ಎಂದರು. ನಾಳೆ ಬೆಳಿಗ್ಗೆಯೇ ಪರೀಕ್ಷೆ ಮಾಡಿಸೋಣ, ಯಂತ್ರದ ವಿಷಯದಲ್ಲಿ ಸಂಶಯ ಇಟ್ಟುಕೊಳ್ಳಬಾರದು ಅಂದರು. ಇಂಥ ಮೇಲಿನವರು ಯಾರಿಗುಂಟು ಅಂದುಕೊಂಡು ಮನೆಗೆ ಹೋದೆ.

ಮರುದಿನ ಶಿಫ್ಟಿನ ಮೊದಲ ಕೆಲಸವೇ ಅದಾಯಿತು. ಲ್ಯಾಡಲಿಗೆ ಗುಜರಿ ಕಬ್ಬಿಣ ತುಂಬಿಸಿ ಎತ್ತಿಸಿದರು. ಅದರ ತಳಕ್ಕೂ ಒಂದು ಇಟ್ಟಿಗೆಗೂ ನಡುವೆ ಬೀಡಿ ಕಟ್ಟು ಹಿಡಿಸುವಷ್ಟು ಸಂದು ಬಿಟ್ಟು, ಎಲ್ಲರ ಎದುರು ಕಾದರು. ಇನ್‌ಚಾರ್ಜ್ ಲ್ಯಾಡಲಿಗೆ ಅಂಟಿಕೊಂಡೇ ನಿಂತು, ಅದರ ಮೇಲೆ ಕೈಯಿಟ್ಟು, ನೋಡಿ ನಮ್ಮ ತಂಗಿಯ ಆನೆ ಎಷ್ಟು ಸಾಧು ಎಂದು ತಮಾಷೆ ಮಾಡಿದರು. ಕೂದಲೆಳೆಯಷ್ಟೂ ಇಳಿಯಲಿಲ್ಲ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಬ್ರೇಕಿನ ಒಳಗೆ ಒತ್ತಿ ಹಿಡಿಯುವ ಪಟ್ಟಿ, ಅಂದರೆ ಲೈನರು, ಸವೆದು ಎಣ್ಣೆ ಕುಡಿದಿದ್ದರೆ ತಣ್ಣಗಿರುವಾಗ ಹಿಡಿಯುತ್ತದೆ. ಎತ್ತಿ ಇಳಿಸಿ, ಎತ್ತಿ ಇಳಿಸಿ ಬಿಸಿಯಾದ ಮೇಲೆ ಜಾರುತ್ತದೆ. ಬೆಳಗಿನ ಪರೀಕ್ಷೆಯಲ್ಲಿ ಅದು ಯಾವತ್ತಿಗೂ ಪಾಸಾಗುತ್ತದೆ. ಇದು ಆಗ ನನ್ನ ತಲೆಗೆ ಹೋಗಲಿಲ್ಲ. ನಾನು ನನ್ನ ಕಣ್ಣನ್ನೇ ಅನುಮಾನಿಸಲು ಶುರು ಮಾಡಿದ್ದೆ.

ಎರಡನೇ ಸಲ ಜಾರಿದಾಗ ಒಂದು ಗೇಣು ಇಳಿಯಿತು. ಮತ್ತೆ ಟೀ ಆದ ಮೇಲೆಯೇ. ಈ ಸಲ ಅವರ ಕೋಣೆಗೆ ಹೋದಾಗ ಬಾಗಿಲು ಮುಂದೆ ಮಾಡಿ, ಧ್ವನಿ ತಗ್ಗಿಸಿ ಮಾತಾಡಿದರು. ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ, ಇದನ್ನು ಯಾರ ಹತ್ತಿರವೂ ಆಡಬೇಡ, ಹೆಂಗಸಿಗೆ ಕ್ರೇನ್ ಕೊಟ್ಟರೆ ಹೀಗೇ ಅನ್ನಲು ಕಾಯುತ್ತಿರುವವರು ಇದ್ದಾರೆ ಅಂದರು. ಯಾರು ಎಂದು ಕೇಳಿದೆ. ಹೇಳಲು ಮನಸ್ಸಿಲ್ಲದವರ ಹಾಗೆ ತಡೆದು, ಕೆಳಗೆ ಲ್ಯಾಡಲ್ ಹಿಡಿಯುವ ಹಿರಿಯರೇ ಎಂದರು. ಹೆಂಗಸಿನ ಕೈಯಲ್ಲಿ ನನ್ನ ಜೀವ ಇಡಬೇಕಾ ಎಂದು ಅವರು ಕೇಳಿದರಂತೆ. ಆಮೇಲೆ ಕೈ ಚಾಚಿದರು.

"ಭಾಷೆ ಕೊಡು ತಂಗಿ. ನಂಗೆ ಬಿಟ್ರೆ ಬೇರೆ ಯಾರಿಗೂ ಹೇಳಲ್ಲ ಅಂತ."

ಕೈಯ ಮೇಲೆ ಕೈಯಿಟ್ಟು ಭಾಷೆ ಕೊಟ್ಟೆ. ಕೊಟ್ಟ ಭಾಷೆಗೆ ತಪ್ಪಬಾರದು ಎಂದು ಕಲಿಸಿದ ಮನೆಯಲ್ಲಿ ಬೆಳೆದವಳು ನಾನು. ಭಾಷೆ ಯಾವುದಕ್ಕೆ ಕೊಡುತ್ತಿದ್ದೇವೆ ಎಂದು ನೋಡಬೇಕು ಅಂತ ಆ ಮನೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಆಮೇಲಿನ ವಾರಗಳು ಹೇಗಿದ್ದವೆಂದರೆ, ಊಟದ ಹೊತ್ತಿಗೆ ಹಿರಿಯರ ಕಡೆ ಮುಖ ಕೊಟ್ಟು ಮಾತಾಡುವುದು ನಿಂತಿತು. ಅವರೂ ನನ್ನ ಕಡೆ ತಿರುಗುತ್ತಿರಲಿಲ್ಲ. ಅದನ್ನು ನೋಡಿ ಇನ್‌ಚಾರ್ಜ್ ಹೇಳಿದ್ದು ದಿಟ ಅನ್ನಿಸುತ್ತಿತ್ತು. ಹುಕ್ ಜಾರಿದ ದಿನವೆಲ್ಲ ಅಣ್ಣನ ಕೋಣೆಗೆ ಹೋಗುತ್ತಿದ್ದೆ. ಮರುದಿನ ಬೆಳಿಗ್ಗೆ ಪರೀಕ್ಷೆ, ಮತ್ತೆ ಪಾಸು. ನನ್ನ ಕಣ್ಣು ತೋರಿಸಲು ಅವರೇ ಡಾಕ್ಟರ ಹತ್ತಿರ ಹೆಸರು ಬರೆಸಿದರು. ಕಣ್ಣು ಸರಿಯಾಗಿದೆ ಎಂದು ಡಾಕ್ಟರು ಅಂದಾಗ, ಹಾಗಾದರೆ ಇದು ಮನಸ್ಸಿನದು, ಪಾಪ, ಎಷ್ಟು ಕಷ್ಟ ನಿನಗೆ ಎಂದರು. ಒಂದು ಬಾಟಲಿ ಟಾನಿಕ್ಕನ್ನೂ ತಂದುಕೊಟ್ಟರು.

ಟಾನಿಕ್ ಕುಡಿದೆ. ನಗಬೇಡಿ. ಹೆದರಿದವರು ಏನು ಕೊಟ್ಟರೂ ಕುಡಿಯುತ್ತಾರೆ.

ಹೆದರಿಕೆ ಕೈಗೆ ಇಳಿಯಿತು. ಲಿವರ್ ಹಿಡಿದಾಗ ಬೆರಳು ನಡುಗುತ್ತಿತ್ತು. ಜಾರಿದರೂ ಅಪಾಯವಾಗದಿರಲಿ ಎಂದು, ಅಚ್ಚಿಗೆ ಬೇಕಾದ್ದಕ್ಕಿಂತ ಎತ್ತರದಲ್ಲಿ ಲ್ಯಾಡಲ್ ನಿಲ್ಲಿಸುತ್ತಿದ್ದೆ. ಎತ್ತರದಿಂದ ಹುಯ್ದರೆ ಲೋಹ ಸಿಡಿಯುತ್ತದೆ, ಎರಕದಲ್ಲಿ ತೂತು ಬರುತ್ತದೆ. ಎರಕಗಳು ತಿರಸ್ಕಾರವಾಗಿ ವಾಪಸು ಬಂದವು. ಅದಕ್ಕೂ ಕಾರಣ ನಾನೇ ಆದೆ. ನನ್ನ ಹೆದರಿಕೆಯೇ ನನ್ನ ವಿರುದ್ಧ ಸಾಕ್ಷಿ ಹೇಳುತ್ತಿತ್ತು.

ಒಂದು ಸಂಜೆ ಗಾಂಧಿ ಬಜಾರಿನ ಬಟ್ಟೆ ಅಂಗಡಿಯಿಂದ ನನ್ನ ಗಂಡ ಬೇಗ ಮನೆಗೆ ಬಂದರು. ಅಲ್ಲಿ ಕೆಲಸಕ್ಕಿರುವವರು ಹಾಗೆ ಬೇಗ ಬರುವವರಲ್ಲ. ನನ್ನ ಪಕ್ಕ ಕೂತು, ಮಗುವನ್ನು ಮಾತಾಡಿಸುವ ಹಾಗೆ, ಸ್ವಲ್ಪ ದಿನ ರಜೆ ಹಾಕ್ತೀಯಾ ಎಂದರು. ಇನ್‌ಚಾರ್ಜ್ ನನ್ನ ಗಂಡನಿಗೆ ಫೋನ್ ಮಾಡಿದ್ದರಂತೆ. ತಂಗಿಗೆ ಇಲ್ಲದ್ದೆಲ್ಲ ಕಾಣಿಸುತ್ತಿದೆ, ಬೈಯಬೇಡಿ, ಪ್ರೀತಿಯಿಂದ ನೋಡಿಕೊಳ್ಳಿ, ಕೆಲಸದ ವಿಷಯ ನಾನಿದ್ದೇನೆ ಎಂದಿದ್ದರಂತೆ. ಗಂಡನ ಕಣ್ಣಿನಲ್ಲಿ ನಿಜವಾದ ಕಾಳಜಿ ಇತ್ತು. ಇನ್ನು ನಾನು ಏನು ಹೇಳಿದರೂ ಅದು ಕಾಯಿಲೆಯ ಮಾತಾಗುತ್ತದೆ ಎಂದು ಆಗ ಗೊತ್ತಾಯಿತು. ನನ್ನ ಮನೆಯ ಬಾಗಿಲಿಗೂ ಇನ್‌ಚಾರ್ಜ್ ಹೊರಗಿನಿಂದ ಚಿಲಕ ಹಾಕಿಯಾಗಿತ್ತು.

ಕ್ರೇನಿನ ಮೇಲಿಂದ ಮನುಷ್ಯರು ಬೇರೆ ಥರ ಕಾಣುತ್ತಾರೆ. ಮುಖ ಕಾಣುವುದಿಲ್ಲ. ಹೆಲ್ಮೆಟ್ಟು, ಹೆಗಲು, ಕಾಲು ಇಷ್ಟೇ. ಶಬ್ದದ ನಡುವೆ ಮಾತೂ ಕೇಳುವುದಿಲ್ಲ. ಯಾರು ಎಲ್ಲಿ ನಿಂತಿದ್ದಾರೆ ಅನ್ನುವುದೊಂದೇ ಕ್ರೇನಿನವಳ ಲೆಕ್ಕ. ಆ ಲೆಕ್ಕವನ್ನು ದಿನವೂ ಇಡುತ್ತಿದ್ದರೂ ಒಂದು ವಿಷಯ ನನಗೆ ಅಷ್ಟು ದಿನ ಕಂಡಿರಲಿಲ್ಲ. ಒಂದು ಮಧ್ಯಾಹ್ನ ಕೆಳಗೆ ನೋಡುತ್ತಿದ್ದಾಗ ಕಂಡಿತು. ಇನ್‌ಚಾರ್ಜ್ ಕಬ್ಬಿಣದ ಕಂಬದ ಹಿಂದೆ, ಅಪಾಯದ ಜಾಗದ ಗುರುತಿಗೆ ನೆಲಕ್ಕೆ ಬಳಿದ ಹಳದಿ ಗೆರೆಯ ಆಚೆ ನಿಂತು, ಅಲ್ಲಿಂದಲೇ ನನಗೆ ಕೈ ತೋರಿಸುತ್ತಿದ್ದರು.

ಬೆಳಗಿನ ಪರೀಕ್ಷೆಯಲ್ಲಿ ಲ್ಯಾಡಲಿಗೆ ಕೈಯಿಟ್ಟು ನಗುತ್ತ ನಿಲ್ಲುವ ಮನುಷ್ಯ.

ನೋಡುತ್ತ ಹೋದೆ. ಮರುದಿನ ಬೆಳಿಗ್ಗೆ ಲ್ಯಾಡಲಿನ ಪಕ್ಕ, ಮಧ್ಯಾಹ್ನ ಕಂಬದ ಹಿಂದೆ. ಅದರ ಮರುದಿನವೂ ಹಾಗೆಯೇ. ಟೀ ಆಗುವ ತನಕ ಅಚ್ಚುಗಳ ನಡುವೆ ಓಡಾಡುವವರು, ಟೀ ಆದ ಮೇಲೆ ಗೆರೆ ದಾಟುತ್ತಿರಲಿಲ್ಲ. ಏನಾದರೂ ಹೇಳಬೇಕಾದರೆ ಬೇರೆಯವರನ್ನು ಒಳಗೆ ಕಳಿಸುತ್ತಿದ್ದರು. ಅಷ್ಟು ದಿನ ನನಗೆ ನನ್ನ ಬಗ್ಗೆ ಹೆದರಿಕೆ ಇತ್ತು. ಅವತ್ತು ಅದು ಹೊರಳಿ ಅವರ ಕಡೆ ತಿರುಗಿತು, ಮತ್ತು ಮೊದಲಿನದಕ್ಕಿಂತ ದೊಡ್ಡದಾಗಿತ್ತು. ಇವರಿಗೆ ಗೊತ್ತಿದೆ. ಬ್ರೇಕು ಯಾವಾಗ ಜಾರುತ್ತದೆ ಅನ್ನುವುದು ನನಗಿಂತ ಚೆನ್ನಾಗಿ ಇವರ ಕಾಲಿಗೆ ಗೊತ್ತಿದೆ. ಗೊತ್ತಿದ್ದೂ ನನಗೆ ಟಾನಿಕ್ ತಂದುಕೊಟ್ಟಿದ್ದಾರೆ.

ವಾರದ ರಜೆಯ ದಿನ ಗಂಡನಿಗೆ ದೇವಸ್ಥಾನಕ್ಕೆ ಎಂದು ಹೇಳಿ ಭದ್ರಾವತಿ ಬಸ್ಸು ಹತ್ತಿದೆ. ಬಸ್ಸು ಮಾಚೇನಹಳ್ಳಿ ದಾಟುವಾಗ ಯಾರಾದರೂ ನೋಡಿಬಿಟ್ಟಾರು ಎಂದು ಸೆರಗು ತಲೆಗೆಳೆದುಕೊಂಡೆ. ಕಳ್ಳತನ ಮಾಡಲು ಹೊರಟವಳ ಹಾಗಿತ್ತು ನನ್ನ ಸ್ಥಿತಿ. ಕೊಟ್ಟ ಭಾಷೆ ಮುರಿಯಲು ಹೊರಟಿದ್ದೇನೆ ಅನ್ನುವ ಸಂಕಟ ಬೇರೆ.

ಹಿರಿಯರು ಬಾಗಿಲಲ್ಲಿ ನನ್ನನ್ನು ಕಂಡು ಎದ್ದು ನಿಂತರೇ ಹೊರತು ಬಾ ಎನ್ನಲಿಲ್ಲ. ಅವರ ಹೆಂಡತಿ ಒಳಗೆ ಕರೆದು, ತಮಿಳಿನಲ್ಲಿ ಗಂಡನಿಗೆ ಏನೋ ಗದರಿ, ನನಗೆ ಕಾಫಿ ಕೊಟ್ಟರು. ನಾನು ಸುತ್ತಿ ಬಳಸದೆ ಕೇಳಿದೆ. ಹೆಂಗಸಿನ ಕೈಯಲ್ಲಿ ಜೀವ ಇಡಬೇಕಾ ಎಂದು ನೀವು ಅಂದಿದ್ದು ಹೌದಾ?

ಅವರು ಉತ್ತರದ ಬದಲು ನನ್ನನ್ನೇ ತಿರುಗಿ ಕೇಳಿದರು.

"ನಾನು ಕುಡ್ದು ಬರ್ತೀನಿ, ನಾತ ಮೇಲೆ ತನಕ ಬರ್ತದೆ ಅಂತ ಕಂಪ್ಲೇಂಟ್ ಕೊಟ್ಟಿದ್ದು ನೀನಲ್ವಾ ಅಮ್ಮಾ?"

ನಾನು ಅಂಥ ಮಾತು ಕನಸಿನಲ್ಲೂ ಆಡಿರಲಿಲ್ಲ. ಅವರೂ ಆಡಿರಲಿಲ್ಲ. ಆಮೇಲೆ ಹುಕ್ಕಿನ ವಿಷಯ ಎತ್ತಿದೆ. ಜಾರಿದ್ದು ಅವರಿಗೂ ಗೊತ್ತಿತ್ತು. ಪ್ರತಿ ಸಲವೂ ಚಕ್ರ ಕೈಯಲ್ಲಿ ಕುಸಿಯುವುದು ತಿಳಿಯುತ್ತಿತ್ತು. ಮತ್ತೆ ಯಾಕೆ ಯಾರಿಗೂ ಹೇಳಲಿಲ್ಲ ಎಂದು ಕೇಳಿದೆ. ಸಿಟ್ಟಿನಲ್ಲೇ ಕೇಳಿದೆ.

"ಹೇಳ್ದೆ. ಇನ್‌ಚಾರ್ಜಿಗೆ ಹೇಳ್ದೆ. ಆ ಹುಡುಗಿ ಕೈ ನಡುಗ್ತದೆ, ಅದಕ್ಕೆ ಲಿವರ್ ತಪ್ತಾಳೆ, ಪಾಪ, ಗೊತ್ತಾದ್ರೆ ಕೆಲ್ಸ ಹೋಗ್ತದೆ, ನೀವು ದೊಡ್ಡವರು ಸುಧಾರಿಸ್ಕೊಳಿ ಅಂದ್ರು. ನಂಗೂ ಹೆಣ್ಮಕ್ಳಿದಾರೆ ಅಮ್ಮಾ."

ನನಗೆ ಕಾಫಿ ಲೋಟ ಕೆಳಗಿಡಲೂ ಆಗಲಿಲ್ಲ. ನನ್ನ ಮೇಲೆ ಸಿಟ್ಟಿದ್ದರೂ, ನನ್ನ ಕೆಲಸ ಉಳಿಯಲೆಂದು ಈ ಮನುಷ್ಯ ದಿನವೂ ಕರಗಿದ ಕಬ್ಬಿಣದ ಪಕ್ಕ ಬಾಯಿ ಮುಚ್ಚಿಕೊಂಡು ನಿಂತಿದ್ದರು. ನನಗೆ ಉಪಕಾರದ ಹಗ್ಗ, ಗಂಡನಿಗೆ ಕಾಳಜಿಯ ಹಗ್ಗ, ಇವರಿಗೆ ಕರುಣೆಯ ಹಗ್ಗ. ಇನ್‌ಚಾರ್ಜ್ ನಮ್ಮ ಕೆಟ್ಟತನವನ್ನು ಹಿಡಿದು ಎಳೆದಿರಲಿಲ್ಲ, ಒಳ್ಳೆಯತನವನ್ನೇ ಹಿಡಿದು ಎಳೆದಿದ್ದರು. ಮೂರು ಜನ ಒಂದೇ ಒಂದು ಸಲ ಕೂತು ಮಾತಾಡಿದ್ದರೆ ಎಲ್ಲವೂ ಬಿಚ್ಚಿಹೋಗುತ್ತಿತ್ತು. ಯಾರಿಗೂ ಹೇಳಬೇಡ ಎನ್ನುವ ಭಾಷೆ ಅದಕ್ಕೇ ಬೇಕಾಗಿತ್ತು.

ಮಾಲೀಕರ ಹತ್ತಿರ ಹೋಗೋಣವೇ ಎಂದು ಯೋಚಿಸಿದೆವು. ಬೆಳಗಿನ ಪರೀಕ್ಷೆಗಳನ್ನೆಲ್ಲ ಜನ ನೋಡಿದ್ದರು, ನಾನು ಟಾನಿಕ್ ಕುಡಿಯುವವಳು, ಇವರು ಕುಡಿದು ಬರುವವರು. ನಮ್ಮ ಮಾತು ನಿಲ್ಲುವುದಿಲ್ಲ ಎಂದು ಹಿರಿಯರೇ ಹೇಳಿದರು. ಮಧ್ಯಾಹ್ನವೇ, ಎಲ್ಲರ ಕಣ್ಣೆದುರೇ ತೋರಿಸಬೇಕು ಎಂದು ಮಾತಾಯಿತು. ಕ್ರೇನಿನ ಕೆಲಸದಲ್ಲಿ ಒಂದು ನಿಯಮವಿದೆ. ಎತ್ತು, ಇಳಿಸು, ನಡೆ ಎಂದು ಕೈ ತೋರಿಸುವ ಅಧಿಕಾರ ಒಬ್ಬರಿಗೆ ಮಾತ್ರ. ನಿಲ್ಲಿಸು ಎಂದು ಯಾರು ಕೈ ತೋರಿಸಿದರೂ, ಕಸ ಗುಡಿಸುವವರು ತೋರಿಸಿದರೂ, ನಿಲ್ಲಿಸಲೇಬೇಕು. ಅದನ್ನೇ ನಂಬಿಕೊಂಡು ಎದ್ದೆ.

ಮರುದಿನ ಇನ್‌ಚಾರ್ಜ್ ಹತ್ತಿರ ಹೋಗಿ, ಇವತ್ತು ಪರೀಕ್ಷೆಯನ್ನು ಟೀ ಆದ ಮೇಲೆ ಮಾಡೋಣ ಅಣ್ಣ ಎಂದೆ. ಅವರು ಆಯ್ತು ಮಾರಾಯ್ತಿ, ನಿನ್ನ ಸಮಾಧಾನಕ್ಕೆ ಅದೂ ಆಗಲಿ ಎಂದು ನಕ್ಕರು. ಟೀ ಮುಗಿಸಿ ನಾನು ಏಣಿ ಹತ್ತಿ ಕೂರುವಷ್ಟರಲ್ಲಿ ಕುಲುಮೆಯನ್ನು ಬಗ್ಗಿಸಿ ಅದರ ಬುಡದ ಗುಂಡಿಯಲ್ಲಿದ್ದ ಲ್ಯಾಡಲಿಗೆ ಲೋಹ ತುಂಬಿಸಿಬಿಟ್ಟಿದ್ದರು. ತುಂಬಿದ ಮೇಲೆ ಲೋಹ ಕಾಯುವುದಿಲ್ಲ. ತಡಮಾಡಿದರೆ ಲ್ಯಾಡಲಿನಲ್ಲೇ ಹೆಪ್ಪುಗಟ್ಟಿ ಎಲ್ಲ ನಷ್ಟ. ಇನ್ನು ಪರೀಕ್ಷೆಗೆ ಸಮಯವಿಲ್ಲ, ಮೊದಲು ಎತ್ತು ಎಂದು ಕಂಬದ ಹಿಂದಿನಿಂದ ಕೈ ತೋರಿಸಿದರು.

ಆ ಕೈ ಕಂಡ ಕೂಡಲೇ ನನ್ನ ಕೈ ತಾನಾಗಿಯೇ ಲಿವರಿಗೆ ಹೋಯಿತು. ನನಗೆ ಅತ್ಯಂತ ಹೆದರಿಕೆಯಾದದ್ದು ಆಗಲೇ. ಎಲ್ಲ ಗೊತ್ತಿದ್ದೂ ನನ್ನ ಕೈ ನನ್ನದಾಗಿರಲಿಲ್ಲ. ಲ್ಯಾಡಲ್ ಗುಂಡಿಯ ತಳದಿಂದ ಒಂದು ಗೇಣು ಎದ್ದಿತು. ಅಷ್ಟರಲ್ಲಿ ಚಕ್ರ ಹಿಡಿಯಬೇಕಾಗಿದ್ದ ಹಿರಿಯರು ಹಿಂದೆ ಸರಿದು, ಹಳದಿ ಗೆರೆಯ ಆಚೆಗೆ ಹೋಗಿ, ಎರಡೂ ತೋಳು ಚಾಚಿ ನಿಂತರು. ನಿಲ್ಲಿಸು. ಲಿವರನ್ನು ನಡುವಿಗೆ ತಂದು ಗಂಟೆ ಒತ್ತಿದೆ.

ಇನ್‌ಚಾರ್ಜ್ ಕೂಗತೊಡಗಿದರು. ಕುಲುಮೆಯವರು, ಅಚ್ಚಿನವರು ಎಲ್ಲ ತಿರುಗಿ ನೋಡಿದರು. ನಾನು ಕಿಟಕಿಯಿಂದ ಹೊರಗೆ ಬಗ್ಗಿದೆ.

"ಅಣ್ಣ, ಚಕ್ರ ನೀವು ಹಿಡ್ಕೊಳಿ. ನಾನು ಎತ್ತೀನಿ."

ಸುಲಭದ ಮಾತು. ಯಂತ್ರ ಸರಿಯಾಗಿದ್ದರೆ ಬಂದು ಹಿಡಿಯಬಹುದಿತ್ತು. ಬೆಳಗಿನ ಪರೀಕ್ಷೆಗಳಲ್ಲಿ ಲ್ಯಾಡಲಿಗೆ ಅಂಟಿಕೊಂಡು ನಿಂತವರೇ ಅಲ್ಲವೇ. ಅವರು ಲೋಹ ಆರುತ್ತದೆ ಎಂದರು, ಆರ್ಡರು ಹೋಗಬೇಕು ಎಂದರು, ನಿನಗೆ ಹುಷಾರಿಲ್ಲ ತಂಗಿ, ನನ್ನ ಮುಖ ನೋಡಿ ಎತ್ತು ಎಂದರು. ನಾನು ಮುಖ ನೋಡಲಿಲ್ಲ, ಕಾಲು ನೋಡಿದೆ. ಗೆರೆಯ ಆಚೆಯೇ ಇದ್ದವು. ಸ್ವಲ್ಪ ಹೊತ್ತಿಗೆ ಶಾಪಿನವರೆಲ್ಲ ಅದನ್ನೇ ನೋಡುತ್ತಿದ್ದರು.

ಲ್ಯಾಡಲ್ ಮಾತ್ರ ನಿಂತೇ ಇತ್ತು. ಇವತ್ತು ಹಿಡಿದುಬಿಟ್ಟರೆ? ನಿಜವಾಗಿಯೂ ಇದೆಲ್ಲ ನನ್ನ ಮನಸ್ಸಿನದೇ ಆಗಿದ್ದರೆ? ನಾನು ಎರಡೂ ಕೈಯನ್ನು ಕಿಟಕಿಯಿಂದ ಹೊರಗೆ ಚಾಚಿದೆ, ಬೆರಳು ಬಿಡಿಸಿ, ಎಲ್ಲರಿಗೂ ಕಾಣುವ ಹಾಗೆ. ನಡುಗುತ್ತಿದ್ದವು, ನಡುಗಲಿ ಎಂದು ಬಿಟ್ಟೆ.

ಆಗ ಲ್ಯಾಡಲ್ ಇಳಿಯಿತು. ಯಾರೂ ಮುಟ್ಟದೆ, ಮೆಲ್ಲಗೆ, ಆಮೇಲೆ ಒಮ್ಮೆಲೇ ಕುಸಿದು ಗುಂಡಿಯ ತಳಕ್ಕೆ ಕೂತಿತು. ಅಂಚಿನಿಂದ ಲೋಹ ತುಳುಕಿ ಮರಳಿನ ಮೇಲೆ ಬಿದ್ದು ಸಿಡಿಯಿತು. ಲ್ಯಾಡಲ್ ಏಳುವಾಗ ಹಿರಿಯರು ದಿನವೂ ಚಕ್ರ ಹಿಡಿದು ನಿಲ್ಲುವ ಜಾಗ ಅದು. ಕುಲುಮೆಯ ಹತ್ತಿರ ನಿಂತಿದ್ದ ಒಬ್ಬ ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಆ ಲೋಹ ಲ್ಯಾಡಲಿನಲ್ಲೇ ಹೆಪ್ಪುಗಟ್ಟಿತು. ಎಲೆಕ್ಟ್ರಿಷಿಯನ್ ಮೇಲೆ ಹತ್ತಿ ಬ್ರೇಕು ಬಿಚ್ಚಿದಾಗ ಲೈನರು ರಿವೆಟ್ಟಿನ ತನಕ ಸವೆದಿತ್ತು. ಅದನ್ನು ತಾನು ಬಹಳ ಹಿಂದೆಯೇ ಇನ್‌ಚಾರ್ಜಿಗೆ ಹೇಳಿದ್ದೆ, ಬೆಳಗಿನ ಪರೀಕ್ಷೆ ನೋಡಿ ಹೊರಗಿನವರಿಂದ ಬೇರೆ ಹಾಕಿಸಿದ್ದಾರೆ ಅಂದುಕೊಂಡಿದ್ದೆ ಎಂದು ಅವನು ಮಾಲೀಕರ ಮುಂದೆ ಹೇಳಿದ. ಬೇರೆ ಹಾಕಿಸಬೇಕಾದರೆ ಕ್ರೇನ್ ನಿಲ್ಲಿಸಬೇಕು, ಒಂದು ದಿನವೂ ನಿಲ್ಲಿಸುವುದಿಲ್ಲ ಎಂದು ಇನ್‌ಚಾರ್ಜ್ ಮಾಲೀಕರಿಗೆ ಮಾತು ಕೊಟ್ಟಿದ್ದರಂತೆ. ಅವರೂ ಕೊಟ್ಟ ಮಾತಿಗೆ ತಪ್ಪದವರೇ. ಅವರನ್ನು ಕೆಲಸದಿಂದ ತೆಗೆದರು.

ಮನೆಯಲ್ಲಿ ಗಂಡನಿಗೆ ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಅವರು ನಂಬಲು ಒಂದು ದಿನ ಹಿಡಿಯಿತು. ನನಗೆ ಅದರಿಂದ ನೋವಾಯಿತು, ಆದರೆ ನಾನೇ ನನ್ನನ್ನು ನಂಬಲು ಎಷ್ಟು ದಿನ ತೆಗೆದುಕೊಂಡಿದ್ದೆ ಎಂದು ನೆನೆದು ಸುಮ್ಮನಾದೆ. ಈಗಲೂ ಯಾರಾದರೂ ನಿನ್ನ ಒಳ್ಳೆಯದಕ್ಕೇ ಎಂದು ಮಾತು ಶುರು ಮಾಡಿದರೆ ಅದನ್ನು ಇನ್ನೊಬ್ಬರ ಕಿವಿಗೂ ಹಾಕುತ್ತೇನೆ. ಈಗಲೇ ಆಗಬೇಕು ಎಂದರೆ ಒಂದು ಗೇಣು ಎತ್ತಿ ನಿಲ್ಲಿಸಿ ನೋಡುತ್ತೇನೆ. ಇದರಿಂದ ಕೆಲವರು ನನ್ನನ್ನು ಅನುಮಾನದ ಪಿಶಾಚಿ ಅನ್ನುತ್ತಾರೆ, ಅನ್ನಲಿ.

ಇನ್‌ಚಾರ್ಜ್ ತಮ್ಮ ಸಾಮಾನು ತೆಗೆದುಕೊಂಡು ಹೋಗಲು ಬಂದ ದಿನ ಸಂಜೆ ಬಸ್ ಸ್ಟಾಪಿನಲ್ಲಿ ಸಿಕ್ಕರು. ತಪ್ಪಿಸಿಕೊಂಡು ಹೋಗುತ್ತಾರೆ ಅಂದುಕೊಂಡಿದ್ದೆ. ಬೈಕು ನಿಲ್ಲಿಸಿ ಹತ್ತಿರ ಬಂದು, ಚೆನ್ನಾಗಿದ್ದೀಯಾ, ಅತ್ತೆಯ ಮಂಡಿನೋವು ಹೇಗಿದೆ ಎಂದು ಮೊದಲಿನ ಹಾಗೆಯೇ ಕೇಳಿದರು. ನನ್ನ ಕಣ್ಣಲ್ಲಿ ನೀರು ಬಂತು. ಕ್ಷಮಿಸಿ ಅಣ್ಣ ಎನ್ನುವ ಮಾತು ಬಾಯಿಯ ತನಕ ಬಂದಿತ್ತು. ಅದನ್ನು ನುಂಗಿ, ಎಲ್ಲ ಗೊತ್ತಿದ್ದೂ ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ.

ಅವರಿಗೆ ನನ್ನ ಪ್ರಶ್ನೆ ನಿಜವಾಗಿಯೂ ಅರ್ಥವಾಗಲಿಲ್ಲ.

"ನಿಂಗೆ ಎಂತ ಆಗ್ತಿತ್ತು ಮಾರಾಯ್ತಿ? ನೀನು ಮೇಲಿದ್ಯಲ್ಲ."

ಎಷ್ಟು ಪ್ರೀತಿಯಿಂದ ಹೇಳಿದರೆಂದರೆ, ಒಂದು ಗಳಿಗೆ ನನಗೂ ಹೌದಲ್ಲ ಅನ್ನಿಸಿತು. ಆಮೇಲೆ ಪಕ್ಕಕ್ಕೆ ತಿರುಗಿದೆ. ಭದ್ರಾವತಿಯ ಬಸ್ಸಿಗೆ ಕಾಯುತ್ತ ಹಿರಿಯರು ನನ್ನ ಪಕ್ಕದಲ್ಲೇ ನಿಂತಿದ್ದರು.